ಸಿಮ್ಯುಲೇಟರ್ ಹಚ್ಚಿದರೂ ವಿಮಾನದ ಜಿಪಿಎಸ್ ಹಿಡಿಯುತ್ತಿಲ್ಲವೇ? ಎಲ್ಲಿಂದ ಹುಡುಕಬೇಕು

ಕಳೆದ ಮಳೆಗಾಲದಲ್ಲಿ ಮುಂಬಯಿಯ ಜುಹೂ ಹ್ಯಾಂಗರಿನ ನಮ್ಮ ಬೆಂಚಿಗೆ ಒಂದು ಹೆಲಿಕಾಪ್ಟರಿನ ಜಿಪಿಎಸ್ ರಿಸೀವರ್ ಬಂತು. ಕಟ್ಟಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಉಪಗ್ರಹ ಹಿಡಿಯುತ್ತಿಲ್ಲ.’ ಉಪಗ್ರಹದ ಸಿಗ್ನಲನ್ನು ನಕಲು ಮಾಡಿ ಕೊಡುವ ಸಿಮ್ಯುಲೇಟರ್‌ಗೆ ಜೋಡಿಸಿದೆವು. ನಿಜವಾಗಿಯೂ ಹಿಡಿಯಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಶಿರಸಿಯ ಹುಡುಗ, “ಅಣ್ಣಾ, ಇದು ಹೋಗಿದೆ ಅನ್ಸತ್ತೆ. ರಿಪೇರಿಗೆ ಕಳಿಸಿಬಿಡೋಣ್ವಾ?” ಅಂದ. “ತಡಿ, ಮೊದ್ಲು ನಮ್ಮ ಕೇಬಲ್ ಬಿಚ್ಚಿ ನೋಡು” ಅಂದೆ. ಟಾರ್ಚ್ ಹಾಕಿ ನೋಡಿದರೆ ಟಿಎನ್‌ಸಿ ಕನೆಕ್ಟರಿನ ನಡುವಿನ ಪಿನ್ ಅರ್ಧ ಅಕ್ಕಿಕಾಳಿನಷ್ಟು ಒಳಗೆ ಸರಿದಿತ್ತು. ತಿರುಗಿಸಿದರೆ ಗಟ್ಟಿಯಾಗಿಯೇ ಕೂರುತ್ತಿತ್ತು, ಆದರೆ ಒಳಗೆ ಪಿನ್ ತಾಗುತ್ತಿರಲಿಲ್ಲ. ಕೇಬಲ್ ಬದಲಿಸಿದ ಎರಡು ಮೂರು ನಿಮಿಷಕ್ಕೆ ಪರದೆಯ ಮೇಲೆ ಒಂಬತ್ತು ಉಪಗ್ರಹ.

ಹಾಗಾದರೆ ಹೆಲಿಕಾಪ್ಟರಿನಲ್ಲಿ ಯಾಕೆ ಹಿಡಿಯುತ್ತಿರಲಿಲ್ಲ? ಅದಕ್ಕೆ ಕೆಳಗೆ ಬರುತ್ತೇನೆ. ಅವತ್ತು ನಾವು ಆತುರಪಟ್ಟಿದ್ದರೆ ಒಳ್ಳೆಯ ರಿಸೀವರ್ ರಿಪೇರಿಗೆ ಹೋಗುತ್ತಿತ್ತು, ಕೆಟ್ಟಿದ್ದು ವಿಮಾನದಲ್ಲೇ ಉಳಿಯುತ್ತಿತ್ತು.

ನಿಜವಾದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. 1575.42 ಮೆಗಾಹರ್ಟ್ಸ್‌ನಲ್ಲಿ ಅವು ಕಳಿಸುವ ಸಿಗ್ನಲ್ ನೆಲ ಮುಟ್ಟುವಾಗ ಮೈನಸ್ 130 ಡಿಬಿಎಂ (ಸಿಗ್ನಲ್ಲಿನ ಬಲದ ಅಳತೆ) ಆಸುಪಾಸಿಗೆ ಇಳಿದಿರುತ್ತದೆ. ಹ್ಯಾಂಗರಿನ ತಗಡಿನ ಛಾವಣಿ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಅದಕ್ಕೇ ಸಿಮ್ಯುಲೇಟರ್ ಬೇಕು. ಅಂಥದ್ದೇ ಸಿಗ್ನಲನ್ನು ಅದು ಪೆಟ್ಟಿಗೆಯೊಳಗೆ ಹುಟ್ಟಿಸಿ ಕೇಬಲ್ ಮೂಲಕ ಕೊಡುತ್ತದೆ. ನಾವು ಅದನ್ನು ‘ಸುಳ್ಳು ಆಕಾಶ’ ಅಂತಲೇ ಕರೆಯುತ್ತೇವೆ. ರಿಸೀವರ್ ಪಾಪ, ಹೇಳಿದ್ದನ್ನೆಲ್ಲ ನಂಬುತ್ತದೆ. ಆದ್ದರಿಂದ ರಿಸೀವರ್ ಮೇಲೆ ಅನುಮಾನ ಪಡುವ ಮುಂಚೆ ನಾವು ಅದಕ್ಕೆ ಏನು ಹೇಳುತ್ತಿದ್ದೇವೆ ಅನ್ನುವುದನ್ನು ನೋಡಬೇಕು. ಈ ಬರಹದ ಕ್ರಮವೂ ಅದೇ.

ಇದು ಲೈಸೆನ್ಸ್ ಇರುವ ಎಂಜಿನಿಯರ್ ಕೈಕೆಳಗೆ ಕೆಲಸ ಮಾಡುವವರಿಗೆ ಬರೆದದ್ದು. ನಿಮ್ಮ ವಿಮಾನದ ಮೇಂಟೆನೆನ್ಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕೊನೆಯ ಮಾತು.

ಕೈ ಹಚ್ಚುವ ಮುಂಚೆ

ವಿಮಾನದಲ್ಲೇ ಪರೀಕ್ಷೆ ಮಾಡುತ್ತಿದ್ದರೆ ಮೊದಲು ವಿಮಾನದ ಗುರುತನ್ನು ಹೊರಗೆ ಸಾರುವ ಟ್ರಾನ್ಸ್‌ಪಾಂಡರಿನ ಬ್ರೇಕರ್ (ಕರೆಂಟ್ ಕಡಿಯುವ ಗುಂಡಿ) ಎಳೆದು, ಅದು ಮತ್ತೆ ಒಳಗೆ ಹೋಗದಂತೆ ಕಾಲರ್ ಹಾಕಿ, ಚೀಟಿ ಕಟ್ಟಿ. ಸುಮ್ನೆ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಯಾರಾದರೂ ಅದರ ನಾಬ್ ತಿರುಗಿಸಿಬಿಡಬಹುದು. ಕಾರಣ ಇಷ್ಟೇ: ಜಿಪಿಎಸ್ ಹೇಳಿದ ಜಾಗವನ್ನು ಟ್ರಾನ್ಸ್‌ಪಾಂಡರಿನ ಎಡಿಎಸ್-ಬಿ ವ್ಯವಸ್ಥೆ 1090 ಮೆಗಾಹರ್ಟ್ಸ್‌ನಲ್ಲಿ ಊರಿಗೆಲ್ಲ ಸಾರುತ್ತದೆ. ನೀವು ಸಿಮ್ಯುಲೇಟರ್‌ನಲ್ಲಿ ‘ಸಮುದ್ರದ ಮೇಲೆ 3,000 ಅಡಿ, 120 ನಾಟ್ ವೇಗ’ ಎಂದು ಹಾಕಿದರೆ, ಹ್ಯಾಂಗರಿನಲ್ಲಿ ನಿಂತ ಹೆಲಿಕಾಪ್ಟರ್ ಅಲ್ಲಿ ಹಾರುತ್ತಿದೆ ಎಂಬ ಸುಳ್ಳು ಸುದ್ದಿ ಹೊರಗೆ ಹೋಗಬಹುದು. ಜುಹೂವಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮುಂಬಯಿಯ ದೊಡ್ಡ ವಿಮಾನ ನಿಲ್ದಾಣ ಇದೆ. ಇದರಲ್ಲಿ ತಮಾಷೆಗೆ ಜಾಗವೇ ಇಲ್ಲ.

ಎರಡನೆಯದು, ಸುಳ್ಳು ಸಿಗ್ನಲ್ ಗಾಳಿಗೆ ಬಿಡಬಾರದು. ಕೇಬಲ್‌ನಲ್ಲೇ ಕೊಡಿ, ಇಲ್ಲವೇ ವಿಮಾನದ ಆಂಟೆನಾ ಮೇಲೆ ಟೋಪಿಯಂತೆ ಮುಚ್ಚುವ ಕಪ್ಲರ್ ಬಳಸಿ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಇಲ್ಲದೆ ಈ ತರಂಗದಲ್ಲಿ ಪ್ರಸಾರ ಮಾಡುವುದು ಕಾನೂನು ಪ್ರಕಾರ ತಪ್ಪು. ಅನುಮತಿ ವಿಷಯ ಬದಿಗಿಟ್ಟರೂ ಪಕ್ಕದಲ್ಲಿ ಇಳಿಯುತ್ತಿರುವ ವಿಮಾನವನ್ನು ನೆನೆಯಿರಿ. ಸಿಮ್ಯುಲೇಟರಿನ ಬಳಸದ ಔಟ್‌ಪುಟ್‌ಗೆ ಸಿಗ್ನಲನ್ನು ಹೀರಿಬಿಡುವ 50 ಓಮ್ ಟರ್ಮಿನೇಟರ್ ಹಾಕಿ. ತೆರೆದ ಕೇಬಲ್ ತುದಿಯೂ ಒಂದು ಆಂಟೆನಾವೇ.

ಸೋರಿಕೆ ನೋಡಲು ಖರ್ಚಿಲ್ಲದ ಒಂದು ಉಪಾಯ ಇದೆ. ಸಿಮ್ಯುಲೇಟರ್‌ನಲ್ಲಿ ಪುಣೆಯ ಜಾಗ ಹಾಕಿ, ಮೊಬೈಲಿನ ಜಿಪಿಎಸ್ ಆ್ಯಪ್ ತೆರೆದು ಬೆಂಚಿನ ಪಕ್ಕ ಇಡಿ. ಮೊಬೈಲ್ ‘ನಾನು ಲೋಹಗಾಂವ್‌ನಲ್ಲಿದ್ದೇನೆ’ ಅಂದರೆ ಸೋರಿಕೆ ಖಚಿತ, ಕೆಲಸ ನಿಲ್ಲಿಸಿ. ಮೊಬೈಲ್ ಸುಮ್ಮನಿದ್ದರೆ ಮಾತ್ರ ಸೋರಿಕೆ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. ಅದಕ್ಕೆ ನೆಟ್‌ವರ್ಕಿನ ಸಹಾಯವೂ ಇರುತ್ತದೆ.

ಲಕ್ಷಣ: ಒಂದೂ ಉಪಗ್ರಹ ಕಾಣುತ್ತಿಲ್ಲ

ಸಿಮ್ಯುಲೇಟರಿನ ಪರದೆಯಲ್ಲಿ ಗಡಿಯಾರ ಓಡುತ್ತಿದ್ದರೂ ಆರ್‌ಎಫ್ (ರೇಡಿಯೊ ಸಿಗ್ನಲ್) ಔಟ್‌ಪುಟ್ ಆಫ್ ಇರಬಹುದು. ಇದು ಎಷ್ಟು ಸಲ ಆಗುತ್ತದೆ ಎಂದರೆ, ನಾನು ಬಂದ ಕೂಡಲೇ ಮೊದಲು ನೋಡುವುದು ಆ ಬಟನ್ನನ್ನೇ. ಆಮೇಲೆ ಕೇಬಲ್. ಎರಡೂ ತುದಿ ಬಿಚ್ಚಿ, ನಡುವಿನ ಪಿನ್ ಮುಂದೆ ಬಂದಿದೆಯೇ ನೋಡಿ, ಮಲ್ಟಿಮೀಟರ್‌ನಲ್ಲಿ ನಡುವಿನ ತಂತಿ ಈ ತುದಿಯಿಂದ ಆ ತುದಿಗೆ ಸಾಗುತ್ತಿದೆಯೇ, ಹೊರಕವಚಕ್ಕೆ ತಾಗುತ್ತಿಲ್ಲವೇ ಎಂದು ಪರೀಕ್ಷಿಸಿ.

ಹಿಂದಿನ ಕೆಲಸಕ್ಕೆ ಹಾಕಿದ್ದ, ಸಿಗ್ನಲನ್ನು ಕುಗ್ಗಿಸುವ 30 ಡಿಬಿ ಅಟೆನ್ಯುಯೇಟರ್ ಹಾಗೇ ಉಳಿದಿರುವುದು ಇನ್ನೊಂದು ಮಾಮೂಲಿ ಕಾರಣ. ಬೆರಳುಗಾತ್ರದ ವಸ್ತು, ಕನೆಕ್ಟರ್ ತರಹವೇ ಕಾಣುತ್ತದೆ, ಕಣ್ಣು ತಪ್ಪುತ್ತದೆ.

ಒಂದೇ ಒಂದು ಉಪಗ್ರಹ ಚೆನ್ನಾಗಿ ಕಂಡು, ಜಾಗ ಮಾತ್ರ ಬರುತ್ತಿಲ್ಲ ಅಂದರೆ ಗಾಬರಿ ಬೇಡ. ನಿಮ್ಮ ಕೈಲಿರುವುದು ಒಂದೇ ಚಾನೆಲ್ಲಿನ ಟೆಸ್ಟರ್ ಇರಬಹುದು. ಅದು ರಿಸೀವರಿನ ಕಿವಿ ಕೇಳುತ್ತದೆಯೇ ಎಂದಷ್ಟೇ ಹೇಳುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ನಾಲ್ಕೂ ಬೇಕಾದರೆ ನಾಲ್ಕು ಉಪಗ್ರಹವಾದರೂ ಬೇಕು.

ಇಷ್ಟಾದ ಮೇಲೂ ಏನೂ ಇಲ್ಲದಿದ್ದರೆ, ಸರಿ ಇದೆ ಎಂದು ಗೊತ್ತಿರುವ ಇನ್ನೊಂದು ರಿಸೀವರನ್ನು ಅದೇ ಕೇಬಲ್‌ಗೆ ಹಚ್ಚಿ. ಅದೂ ಹಿಡಿಯದಿದ್ದರೆ ತಪ್ಪು ನಮ್ಮ ಕಡೆಯದು. ಆಗ ಸಿಮ್ಯುಲೇಟರಿನೊಳಗೆ ತರಂಗ ಹುಟ್ಟಿಸುವ ಆಸಿಲೇಟರ್ ನೆನಪಿಸಿಕೊಳ್ಳಿ. ಅದು ಬಿಸಿಯಾಗಿ ಸ್ಥಿರವಾಗಲು ಅರ್ಧ ಗಂಟೆ ಕೊಡುವುದು ಒಳ್ಳೆಯದು. ಹತ್ತು ಲಕ್ಷಕ್ಕೆ ಒಂದು ಭಾಗ ತಪ್ಪಿದರೂ ತರಂಗ 1,575 ಹರ್ಟ್ಸ್ ಆಚೆ ಹೋಗುತ್ತದೆ. ನೆಲದ ಮೇಲೆ ನಿಂತ ರಿಸೀವರ್‌ಗೆ ಉಪಗ್ರಹದ ಓಟದಿಂದ ಬರುವ ಡಾಪ್ಲರ್ ವ್ಯತ್ಯಾಸ ಹೆಚ್ಚೆಂದರೆ ಆಚೀಚೆ 5,000 ಹರ್ಟ್ಸ್. ರಿಸೀವರ್ ಹುಡುಕುವುದು ಆ ವ್ಯಾಪ್ತಿಯನ್ನೇ ನೆಚ್ಚಿಕೊಂಡು.

ಲಕ್ಷಣ: ‘ಆಂಟೆನಾ ಫೇಲ್’ ಎಂದು ತೋರಿಸುತ್ತದೆ

ವಿಮಾನದ ಹೆಚ್ಚಿನ ಜಿಪಿಎಸ್ ಆಂಟೆನಾಗಳೊಳಗೆ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ ಕರೆಂಟನ್ನು ರಿಸೀವರ್ ಅದೇ ಕೇಬಲ್ಲಿನಲ್ಲಿ ಕಳಿಸುತ್ತದೆ. ಸಾಮಾನ್ಯವಾಗಿ 5 ವೋಲ್ಟ್, ಕೆಲವದರಲ್ಲಿ 12. ಯಾರೂ ಕರೆಂಟ್ ಎಳೆಯದಿದ್ದರೆ ‘ಆಂಟೆನಾ ಇಲ್ಲ’ ಎಂದು ಕೆಲವು ರಿಸೀವರ್ ತೀರ್ಮಾನ ಮಾಡುತ್ತವೆ. ಬೆಂಚಿನಲ್ಲಿ ನಡುವೆ ಸಿಗ್ನಲ್ ಬಿಟ್ಟು ಕರೆಂಟ್ ತಡೆಯುವ ಡಿಸಿ ಬ್ಲಾಕ್ ಇರುವುದರಿಂದ ಕರೆಂಟ್ ಹರಿಯುವುದೇ ಇಲ್ಲ. ಅದು ದೋಷ ಅಲ್ಲ. ಸಿಗ್ನಲನ್ನೂ ಕರೆಂಟನ್ನೂ ಬೇರೆ ಮಾಡುವ ಬಯಾಸ್ ಟೀ ಮೂಲಕ 200 ಓಮ್ ಲೋಡ್ ಕೊಟ್ಟರೆ 5 ವೋಲ್ಟ್‌ಗೆ 25 ಮಿಲಿಆಂಪ್ ಹರಿಯುತ್ತದೆ, ಸಂದೇಶ ಹೋಗುತ್ತದೆ. ಎಷ್ಟು ಕರೆಂಟ್ ಬೇಕು ಎಂಬುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ.

ಸಂದೇಶ ಕಿರಿಕಿರಿ ಎಂದು ಡಿಸಿ ಬ್ಲಾಕನ್ನೇ ತೆಗೆದುಬಿಡಬೇಡಿ. ಆ ವೋಲ್ಟೇಜ್ ಸಿಮ್ಯುಲೇಟರಿನ ಔಟ್‌ಪುಟ್‌ಗೆ ನುಗ್ಗಿದರೆ ಅದು ಸುಟ್ಟುಹೋಗಬಹುದು. ರಿಸೀವರಿನ ತೆರೆದ ಕನೆಕ್ಟರಿನಲ್ಲಿ ಮೀಟರ್ ಹಿಡಿದಾಗ ವೋಲ್ಟೇಜೇ ಇಲ್ಲದಿದ್ದರೆ ಮಾತ್ರ ರಿಸೀವರ್ ಮೇಲೆ ಅನುಮಾನ ಪಡಿ. ಹಿಡಿಯುವಾಗ ಪಿನ್‌ಗೂ ಕವಚಕ್ಕೂ ಶಾರ್ಟ್ ಮಾಡಬೇಡಿ.

ಲಕ್ಷಣ: ಉಪಗ್ರಹ ಕಾಣುತ್ತವೆ, ಸಿಗ್ನಲ್ ಮಾತ್ರ ತೀರಾ ಕಮ್ಮಿ ಅಥವಾ ತೀರಾ ಜಾಸ್ತಿ

ಇಲ್ಲಿ ಸ್ವಲ್ಪ ನಿಲ್ಲೋಣ. ತಪ್ಪು ತೀರ್ಪು ಹೆಚ್ಚಾಗಿ ಬರುವುದು ಇಲ್ಲೇ.

ಲೆಕ್ಕ ಸುಲಭ. ಕೋಣೆಯ ಉಷ್ಣತೆಯಲ್ಲಿ ಒಂದು ಹರ್ಟ್ಸ್ ಅಗಲಕ್ಕೆ ಪ್ರಕೃತಿಯ ಗದ್ದಲ ಮೈನಸ್ 174 ಡಿಬಿಎಂ. ಸಿಗ್ನಲ್ ಮೈನಸ್ 130. ಎರಡರ ನಡುವಿನ ಅಂತರ 44. ಆಂಪ್ಲಿಫೈಯರ್ ತನ್ನ ಪಾಲಿನ ಗದ್ದಲ ಸೇರಿಸಿ ಎರಡು ಮೂರು ತಿಂದರೂ 41, 42 ಉಳಿಯಬೇಕು. ರಿಸೀವರಿನ ಪರದೆಯಲ್ಲಿ ಪ್ರತಿ ಉಪಗ್ರಹದ ಎದುರು ಕಾಣುವ ಅಂಕಿ ಹೆಚ್ಚಿನ ಮಟ್ಟಿಗೆ ಇದೇ. ನಿಜವಾದ ಆಕಾಶದಲ್ಲಿ ಅದು 35ರಿಂದ 50ರ ನಡುವೆ ಆಡುತ್ತಿರುತ್ತದೆ. ತಲೆ ಮೇಲಿನ ಉಪಗ್ರಹಕ್ಕೆ ಜಾಸ್ತಿ, ಅರಬ್ಬೀ ಸಮುದ್ರದ ಅಂಚಿನಲ್ಲಿ ಮುಳುಗುತ್ತಿರುವುದಕ್ಕೆ ಕಮ್ಮಿ.

ಈಗ ಬೆಂಚಿಗೆ ಬನ್ನಿ. ಸಿಮ್ಯುಲೇಟರಿನಲ್ಲಿ ಮೈನಸ್ 130 ಎಂದು ಹಾಕಿ ನೇರವಾಗಿ ರಿಸೀವರಿಗೆ ಕೊಟ್ಟರೆ ಅಂಕಿ 30ರ ಆಸುಪಾಸಿಗೆ ಇಳಿಯಬಹುದು. ರಿಸೀವರ್ ಕೆಟ್ಟಿದೆ ಅಂತಲ್ಲ. ಅದು ತನ್ನ ಮುಂದೆ ಆಂಟೆನಾದ ಆಂಪ್ಲಿಫೈಯರ್ ಇದೆ ಎಂದುಕೊಂಡು ಕೂತಿದೆ, ನೀವು ಅದನ್ನು ತಪ್ಪಿಸಿದ್ದೀರಿ. ಸರಿ, ಆಂಟೆನಾ 30 ಡಿಬಿ ಎತ್ತುತ್ತದೆ, ಕೇಬಲ್ 5 ಡಿಬಿ ತಿನ್ನುತ್ತದೆ, ಹಾಗಾಗಿ ಮೈನಸ್ 105 ಕೊಡೋಣ ಎಂದರೆ ಇನ್ನೊಂದು ತಪ್ಪಾಗುತ್ತದೆ. ನಿಜವಾದ ಆಂಟೆನಾ ಸಿಗ್ನಲ್ ಜೊತೆಗೆ ಗದ್ದಲವನ್ನೂ ಎತ್ತುತ್ತದೆ. ಸಿಮ್ಯುಲೇಟರ್ ಕೊಡುವುದು ಸೋಸಿದ ಸಿಗ್ನಲ್. ಅಂಕಿ 55 ದಾಟುತ್ತದೆ, ಎಲ್ಲ ಉಪಗ್ರಹವೂ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನೋಡಲು ಚೆಂದ. ಆದರೆ ಕಿವಿ ಮಂದವಾದ ರಿಸೀವರೂ ಅಲ್ಲಿ ಪಾಸಾಗುತ್ತದೆ.

ಒಳ್ಳೆಯ ದಾರಿ ಎಂದರೆ, ಆಂಟೆನಾದಷ್ಟೇ ಬಲದ ಆಂಪ್ಲಿಫೈಯರನ್ನು ನಡುವೆ ಹಾಕಿ ಅದರ ಮುಂದೆ ಮೈನಸ್ 130 ಕೊಡುವುದು. ಅದಿಲ್ಲದಿದ್ದರೆ ಮ್ಯಾನ್ಯುಯಲ್ ಹೇಳಿದ ಅಂಕಿಯನ್ನೇ ಹಾಕಿ, ಆಮೇಲೆ ಒಂದೊಂದೇ ಡಿಬಿ ಇಳಿಸುತ್ತ ಯಾವಾಗ ಕೈಬಿಡುತ್ತದೆ ನೋಡಿ. ಒಳ್ಳೆಯ ರಿಸೀವರ್ ಕೈಬಿಡುವ ಮಟ್ಟವನ್ನು ಬರೆದಿಟ್ಟುಕೊಂಡಿದ್ದರೆ ಅನುಮಾನದ ರಿಸೀವರನ್ನು ಅದಕ್ಕೆ ಹೋಲಿಸಬಹುದು. ನಮ್ಮ ಬೆಂಚಿನ ಗೋಡೆಗೆ ಅಂಥ ಒಂದು ಪಟ್ಟಿ ಅಂಟಿಸಿದ್ದೇವೆ. ಯಾವ ದುಬಾರಿ ಉಪಕರಣಕ್ಕಿಂತಲೂ ಅದು ನಮಗೆ ಜಾಸ್ತಿ ಉಪಕಾರ ಮಾಡಿದೆ.

ಲಕ್ಷಣ: ಹಿಡಿಯುತ್ತದೆ, ಆದರೆ ತುಂಬಾ ತಡ. ಅಥವಾ ತಾರೀಖು ತಪ್ಪು

ಮೊದಲು ಕಾಯಿರಿ. ಉಪಗ್ರಹಗಳ ಪೂರ್ತಿ ಪಂಚಾಂಗ, ಅಂದರೆ ಆಲ್ಮನಾಕ್, ಒಂದು ಸುತ್ತು ಬರಲು 12.5 ನಿಮಿಷ ಬೇಕು. ಚಹಾ ಕುಡಿದು ಬರುವಷ್ಟು ಹೊತ್ತು ಅದರ ಪಾಡಿಗೆ ಬಿಡಿ.

ಆಮೇಲೆ ಗಡಿಯಾರ ನೋಡಿ. ಅದು ತೋರಿಸುವ ವ್ಯತ್ಯಾಸವೇ ಬಹಳ ಹೇಳುತ್ತದೆ.

ಐದೂವರೆ ಗಂಟೆ ಮುಂದಿದ್ದರೆ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಹಾಕಬೇಕಾದಲ್ಲಿ ನಿಮ್ಮ ಕೈಗಡಿಯಾರದ ಹೊತ್ತು ಹಾಕಿದ್ದೀರಿ. 18 ಸೆಕೆಂಡ್ ಮುಂದಿದ್ದರೆ ರಿಸೀವರಿಗೆ ಯುಟಿಸಿಗೆ ಆಗೊಮ್ಮೆ ಸೇರಿಸುವ ಲೀಪ್ ಸೆಕೆಂಡಿನ ಮಾಹಿತಿ ಇನ್ನೂ ತಲುಪಿಲ್ಲ. 2017ರ ಜನವರಿ 1ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಆ ಮಾಹಿತಿಯೂ ಅದೇ 12.5 ನಿಮಿಷದ ಸುತ್ತಿನಲ್ಲಿ ಬರುತ್ತದೆ, ಕಾದರೆ ಸರಿಹೋಗುತ್ತದೆ. ಎರಡೇ ಸೆಕೆಂಡ್ ವ್ಯತ್ಯಾಸ ಇದ್ದು ಅದು ಹೋಗುತ್ತಲೇ ಇಲ್ಲವೇ? ಸಿಮ್ಯುಲೇಟರಿಗೆ ತಾರೀಖು, ಜಾಗ, ಉಪಗ್ರಹಗಳನ್ನು ಹೇಳಿಕೊಡುವ ನಿಮ್ಮ ಸಿನಾರಿಯೊ ಫೈಲ್ 2015ರ ಜುಲೈಗಿಂತ ಹಳೆಯದು. ಆಗ ವ್ಯತ್ಯಾಸ 16 ಇತ್ತು.

ಇನ್ನು ವರ್ಷವೇ ತಪ್ಪಾಗುವುದು. ಜಿಪಿಎಸ್ ಸಿಗ್ನಲ್ಲಿನಲ್ಲಿ ವಾರದ ಸಂಖ್ಯೆ 0ಯಿಂದ 1023ರ ತನಕ ಎಣಿಸಿ ಮತ್ತೆ 0ಗೆ ಬರುತ್ತದೆ. ಅಂದರೆ 1,024 ವಾರ, ಸುಮಾರು 19.6 ವರ್ಷ. ಹೀಗೆ ಸುತ್ತು ಮುಗಿದದ್ದು 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ. ಮುಂದಿನದು 2038ರ ನವೆಂಬರ್. ಯಾವ ಸುತ್ತು ಎನ್ನುವುದನ್ನು ರಿಸೀವರ್ ತನ್ನ ಸಾಫ್ಟ್‌ವೇರ್ ತಾರೀಖಿನಿಂದಲೋ ನೆನಪಿನಿಂದಲೋ ಊಹಿಸುತ್ತದೆ. ಸಿಮ್ಯುಲೇಟರಿನಲ್ಲಿ 2015ರ ಮಾರ್ಚ್ 15 ಎಂದಿದ್ದ ಹಳೆಯ ಸಿನಾರಿಯೊ ಓಡಿಸಿದರೆ, ಹೊಸ ಸಾಫ್ಟ್‌ವೇರಿನ ರಿಸೀವರ್ 2034ರ ಅಕ್ಟೋಬರ್ 29 ಎಂದು ತೋರಿಸಬಹುದು. ಎರಡೂ ಭಾನುವಾರವೇ. ವಾರ ಸರಿ ಇದ್ದು ವರ್ಷ ಹತ್ತೊಂಬತ್ತೂವರೆಯಷ್ಟು ಆಚೆ ಹೋದರೆ ಕಾರಣ ಇದೇ ಎಂದು ಕಣ್ಣುಮುಚ್ಚಿ ಹೇಳಬಹುದು.

ಪರಿಹಾರ ಒಂದೇ. ಸಿಮ್ಯುಲೇಟರಿಗೆ ಇವತ್ತಿನ ತಾರೀಖು, ಈಗಿನ ಯುಟಿಸಿ, ಇತ್ತೀಚಿನ ಆಲ್ಮನಾಕ್ ಕೊಡಿ. ಸುಳ್ಳು ಆಕಾಶ ಎಷ್ಟು ಸಾಧ್ಯವೋ ಅಷ್ಟು ನಿಜವಾದದ್ದರ ಹಾಗಿರಲಿ. ಇಷ್ಟು ಮಾಡಿದರೂ ತಡವಾದರೆ ಮ್ಯಾನ್ಯುಯಲ್ ಪ್ರಕಾರ ರಿಸೀವರಿನ ಮೆಮೊರಿ ಅಳಿಸಿ ಮತ್ತೆ ನೋಡಿ. ಪ್ರತಿ ಸಲ ಪವರ್ ತೆಗೆದು ಹಾಕಿದಾಗಲೂ ಎಲ್ಲ ಮರೆತಿದ್ದರೆ ಒಳಗಿನ ಬ್ಯಾಟರಿ ಮುಗಿದಿರಬಹುದು. ಅದನ್ನು ಬೆಂಚಿನಲ್ಲಿ ಬಿಚ್ಚಬೇಡಿ, ಅಪ್ರೂವಲ್ ಇರುವ ವರ್ಕ್‌ಶಾಪಿನ ಕೆಲಸ ಅದು.

ಲಕ್ಷಣ: ಜಾಗ ಸರಿ, ಎತ್ತರ ತಪ್ಪು

ಜುಹೂವಿನ ಜಾಗ ಹಾಕಿ ಪರೀಕ್ಷಿಸಿದಾಗ ಎತ್ತರ ಸುಮಾರು ಮೈನಸ್ 200 ಅಡಿ ಬಂದರೆ ರಿಸೀವರ್ ಸುಳ್ಳು ಹೇಳುತ್ತಿಲ್ಲ. ಲೆಕ್ಕಕ್ಕೆ ಬಳಸುವ ಡಬ್ಲ್ಯುಜಿಎಸ್-84 ಗೋಳದ ಮೇಲ್ಮೈ ಮುಂಬಯಿಯಲ್ಲಿ ಸಮುದ್ರ ಮಟ್ಟಕ್ಕಿಂತ 60 ಮೀಟರಿಗೂ ಮೇಲೆ ಇದೆ. ಏರಿಂಕ್ 429 ಬಸ್ಸಿನಲ್ಲಿ, ಅಂದರೆ ವಿಮಾನದ ಉಪಕರಣಗಳ ನಡುವೆ ಮಾಹಿತಿ ಒಯ್ಯುವ ತಂತಿಯಲ್ಲಿ, ಓದುವವರು ಲೇಬಲ್ 076 ಮತ್ತು 370 ಎರಡನ್ನೂ ನೋಡಿ. ಮೊದಲನೆಯದು ಸಮುದ್ರ ಮಟ್ಟದಿಂದ, ಎರಡನೆಯದು ಆ ಗೋಳದಿಂದ. ಸಿಮ್ಯುಲೇಟರಿಗೆ ಎತ್ತರ ಕೊಡುವಾಗಲೂ ಇದೇ ಗೊಂದಲ ಆಗುತ್ತದೆ.

ಲಕ್ಷಣ: ರೇಮ್ ಇಲ್ಲ, ಅಥವಾ ಗಗನ್ ಹಿಡಿಯುತ್ತಿಲ್ಲ

ಸುಳ್ಳು ಹೇಳುವ ಉಪಗ್ರಹವನ್ನು ರಿಸೀವರ್ ತಾನೇ ಕಂಡುಹಿಡಿಯುವ ವ್ಯವಸ್ಥೆ ರೇಮ್. ಪತ್ತೆಗೆ ಐದು ಉಪಗ್ರಹ ಬೇಕು, ಅದನ್ನು ಹೊರಗಿಡಲು ಆರು. ಸಿನಾರಿಯೊದಲ್ಲಿ ಬರೀ ನಾಲ್ಕಿದ್ದರೆ ಎಚ್ಚರಿಕೆ ಬರಲೇಬೇಕು. ಬರದಿದ್ದರೇ ಚಿಂತೆ. ವಿಮಾನದಲ್ಲಿ ಸಿಗುವ, ಗಾಳಿಯ ಒತ್ತಡದಿಂದ ಅಳೆದ ಬ್ಯಾರೊ ಎತ್ತರದ ಇನ್‌ಪುಟ್ ಬೆಂಚಿನಲ್ಲಿ ಇರುವುದಿಲ್ಲ, ಆ ಸಹಾಯ ಇಲ್ಲಿ ಸಿಗದು.

ಗಗನ್ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ನಮ್ಮದೇ ಜಿಪಿಎಸ್ ತಿದ್ದುಪಡಿ ವ್ಯವಸ್ಥೆ. ಅದರ ಸಿಗ್ನಲ್ ಪಿಆರ್‌ಎನ್ (ಉಪಗ್ರಹದ ಗುರುತು) 127, 128ರಂಥ ಸಂಖ್ಯೆಗಳಲ್ಲಿ ಬರುತ್ತದೆ. ವಿದೇಶದಿಂದ ಬಂದ ಸಿನಾರಿಯೊಗಳಲ್ಲಿ ಈ ಸಂಖ್ಯೆಗಳೇ ಇರುವುದಿಲ್ಲ. ಇದ್ದರೂ ಸಿಮ್ಯುಲೇಟರ್ ‘ಮೆಸೇಜ್ 0’ ಕಳಿಸುತ್ತಿದೆಯೇ ನೋಡಿ. ‘ಈ ಉಪಗ್ರಹವನ್ನು ನಂಬಬೇಡಿ’ ಎನ್ನುವುದೇ ಅದರ ಅರ್ಥ. ವಿಮಾನದ ರಿಸೀವರ್ ಅದನ್ನು ಪಾಲಿಸಿ ಆ ಉಪಗ್ರಹವನ್ನು ಬದಿಗಿಡುತ್ತದೆ. ಅದು ಮಾಡಬೇಕಾದ್ದನ್ನೇ ಮಾಡಿದೆ.

ಲಕ್ಷಣ: ಬೆಂಚಿನಲ್ಲಿ ಸರಿ, ವಿಮಾನದಲ್ಲಿ ಹಿಡಿಯುವುದಿಲ್ಲ

ಮೊದಲು ಹೇಳಿದ ಹೆಲಿಕಾಪ್ಟರಿನ ಕತೆ ಇದೇ. ಕಪ್ಲರ್ ಟೋಪಿ ಹಾಕಿ ನೋಡಿದಾಗ ಬೆಂಚಿಗಿಂತ 15 ಡಿಬಿ ಕಮ್ಮಿ. ಆಂಟೆನಾ ಬಿಚ್ಚಿದೆವು. ಕೆಳಗಿನ ಕನೆಕ್ಟರಿನಲ್ಲಿ ಹಸಿರು ಪುಡಿ. ಕೇಬಲನ್ನು ಬಗ್ಗಿಸಿದರೆ ಕನೆಕ್ಟರಿನ ಬಾಯಿಂದ ಒಂದು ಹನಿ ನೀರು ಜಾರಿ ನನ್ನ ಉಗುರಿನ ಮೇಲೆ ಬಿತ್ತು. ಸಮುದ್ರದ ಮೇಲೆ ದಿನಾ ಹಾರುವ ಯಂತ್ರ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಉಪ್ಪು ಗಾಳಿ. ಆಂಟೆನಾ ಸುತ್ತಲಿನ ಸೀಲಂಟ್ ಒಂದು ಕಡೆ ಬಿರುಕು ಬಿಟ್ಟಿತ್ತು. ಸಮುದ್ರದೊಳಗಿನ ಬಾಂಬೆ ಹೈ ತೈಲಕ್ಷೇತ್ರದ ಕಡೆ ಹೋಗುವ ಪೈಲಟ್‌ಗೆ ಜುಲೈಯಲ್ಲಿ ಕಿಟಕಿಯಾಚೆ ಬೂದು ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹನಿಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹಾಗಾಗಿ ಇಲ್ಲಿ ಮೊದಲು ಕಣ್ಣಿನ ತಪಾಸಣೆ: ಸೀಲಂಟ್, ಬಣ್ಣ, ತುಕ್ಕು. ಆಂಟೆನಾ ಮೇಲೆ ಯಾರಾದರೂ ಬಣ್ಣ ಬಳಿದಿದ್ದಾರೆಯೇ? ಮಳೆಗಾಲದಲ್ಲಿ ಏಣಿ, ವಿಮಾನದ ಒದ್ದೆ ಮೈ ಎರಡೂ ಜಾರುತ್ತವೆ. ಒಬ್ಬರೇ ಹತ್ತಬೇಡಿ.

ಕನೆಕ್ಟರ್ ಚೆನ್ನಾಗಿದ್ದೂ ಸಿಗ್ನಲ್ ಆಗಾಗ ಬಿದ್ದುಹೋಗುತ್ತಿದ್ದರೆ, ರೇಡಿಯೊದಲ್ಲಿ ಮಾತಾಡುವಾಗ ಮಾತ್ರ ಹಾಗಾಗುತ್ತದೆಯೇ ಎಂದು ಪೈಲಟ್ ಅವರನ್ನು ಕೇಳಿ. ವಿಎಚ್‌ಎಫ್ ರೇಡಿಯೊದ 121.150, 121.175, 121.200 ಮೆಗಾಹರ್ಟ್ಸ್ ಇವುಗಳ ಹದಿಮೂರು ಪಟ್ಟು, 131.250, 131.275, 131.300 ಇವುಗಳ ಹನ್ನೆರಡು ಪಟ್ಟು ಲೆಕ್ಕ ಹಾಕಿ. ಎಲ್ಲವೂ 1575.42ರ ಪಕ್ಕದಲ್ಲೇ ಬೀಳುತ್ತವೆ. ವಿಮಾನವನ್ನು ಹೊರಗೆಳೆದು, ನಿಜವಾದ ಆಕಾಶದ ಕೆಳಗೆ, ಒಂದೊಂದರಲ್ಲಿ ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಪ್ರಸಾರ ಮಾಡುತ್ತ ಅಂಕಿಗಳನ್ನು ನೋಡಿ. ಮೊದಲು ಟವರ್ ಒಪ್ಪಿಗೆ ಪಡೆಯಿರಿ, ಆ ತರಂಗದಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು ಕೇಳಿಸಿಕೊಳ್ಳಿ. 121.5 ತುರ್ತಿನದು, ಅದನ್ನು ಮುಟ್ಟಲೇಬೇಡಿ. ಅಂಕಿ ಬಿದ್ದರೆ ಇಎಲ್‌ಟಿಯ (ಅಪಘಾತವಾದಾಗ ಸುಳಿವು ಕೊಡುವ ತುರ್ತು ಪ್ರಸಾರಕದ) ಆಂಟೆನಾ ಕೇಬಲ್ ಬಿಚ್ಚಿ ಮತ್ತೊಮ್ಮೆ ನೋಡಿ. ಕೆಲವು ಇಎಲ್‌ಟಿಗಳು ಈ ಗದ್ದಲವನ್ನು ಹೀರಿ ಮತ್ತೆ ಉಗುಳುತ್ತವೆ. ನೋಡಿದ ಮೇಲೆ ಆ ಕೇಬಲನ್ನು ಮರೆಯದೆ ಹಾಕಿ.

ಎಲ್ಲಿ ನಿಲ್ಲಿಸಬೇಕು

ಒಳ್ಳೆಯ ಕೇಬಲ್, ಸರಿಯಾದ ಪವರ್, ಇವತ್ತಿನ ತಾರೀಖು, ಮೆಮೊರಿ ಅಳಿಸಿದ್ದು, ಇನ್ನೊಂದು ರಿಸೀವರ್ ಅದೇ ಜಾಗದಲ್ಲಿ ಕೆಲಸ ಮಾಡಿದ್ದು, ಇಷ್ಟೂ ಆದ ಮೇಲೆ ಇದು ಹಿಡಿಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಸೀಲ್ ಒಡೆಯಬೇಡಿ. ಚೀಟಿಯಲ್ಲಿ ‘ಹಿಡಿಯುತ್ತಿಲ್ಲ’ ಎಂದಷ್ಟೇ ಬರೆದು ಕಳಿಸಬೇಡಿ. ಎಷ್ಟು ಡಿಬಿಎಂ ಕೊಟ್ಟಿರಿ, ಯಾವ ಸಿನಾರಿಯೊ, ಎಷ್ಟು ನಿಮಿಷ ಕಾದಿರಿ, ಸಾಫ್ಟ್‌ವೇರ್ ಆವೃತ್ತಿ ಯಾವುದು ಎಂದೆಲ್ಲ ಬರೆಯಿರಿ. ಇಲ್ಲದಿದ್ದರೆ ‘ದೋಷ ಕಂಡುಬಂದಿಲ್ಲ’ ಎಂಬ ಹಾಳೆಯೊಂದಿಗೆ ಅದೇ ಡಬ್ಬ ವಾಪಸ್ ಬರುತ್ತದೆ.

ಲಕ್ಷಣ: ಪರೀಕ್ಷೆ ಮುಗಿದ ಮೇಲೆ ನಿಜವಾದ ಆಕಾಶ ಹಿಡಿಯುತ್ತಿಲ್ಲ

ಸುಳ್ಳು ಆಕಾಶದ ನೆನಪು ಇನ್ನೂ ಒಳಗಿದೆ. ಪುಣೆಯ ಜಾಗ, ಬೇರೆ ತಾರೀಖು, ಬೇರೆ ಆಲ್ಮನಾಕ್ ಇಟ್ಟುಕೊಂಡು ರಿಸೀವರ್ ಅಲ್ಲಿಲ್ಲದ ಉಪಗ್ರಹಗಳನ್ನು ಹುಡುಕುತ್ತಿದೆ. ಮುಂದಿನ ವರ್ಷದ ತಾರೀಖು ಕೊಟ್ಟಿದ್ದರೆ ಇನ್ನೂ ಕಷ್ಟ. ಕೆಲವು ರಿಸೀವರ್‌ಗಳು ಹಿಂದಕ್ಕೆ ಬರಲು ಒಪ್ಪುವುದೇ ಇಲ್ಲ. ಮೆಮೊರಿ ಅಳಿಸಿ, ವಿಮಾನವನ್ನು ಛಾವಣಿಯಿಂದ ದೂರ ಎಳೆದು ನಿಲ್ಲಿಸಿ, ಕಾಲು ಗಂಟೆ ಬಿಡಿ. ತಾರೀಖು, ಸಮಯ, ನಿಂತ ಜಾಗ ಮೂರನ್ನೂ ತಾಳೆ ನೋಡಿ. ಜುಹೂ ಸುಮಾರು 19.1 ಡಿಗ್ರಿ ಉತ್ತರ, 72.8 ಡಿಗ್ರಿ ಪೂರ್ವ. ಎಲ್ಲ ಸರಿ ಬಂದ ಮೇಲೆಯೇ ಟ್ರಾನ್ಸ್‌ಪಾಂಡರಿನ ಕಾಲರ್ ತೆಗೆದು ಬ್ರೇಕರ್ ಒಳಗೆ ಒತ್ತಿ. ಒತ್ತಿದವರು ಯಾರು, ಎಷ್ಟು ಗಂಟೆಗೆ ಎಂದು ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿ.